ಎಳೆಯ ಆಟಗಾರನ ಮಾರಾಟ: ಸರಿಯೆ, ತಪ್ಪೆ?

ಹೇಮಗಿರಿಯ ದನಗಳ ಜಾತ್ರೆಯನ್ನು ಕಂಡವರಿಗೆ ಅಲ್ಲಿಯ ಒಂದು ನೋಟ ಮರೆಯುವಂತಹುದಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಬಾಯಿ ಮಾತನಾಡುವುದಿಲ್ಲ, ಸುತ್ತ ನಿಂತವರಿಗೆ ಗುಟ್ಟು ತಿಳಿಯುವುದಿಲ್ಲ. ಪಕ್ಕದಲ್ಲಿ ಕಟ್ಟಿದ ಹಳ್ಳಿಕಾರ್ ಜೋಡಿ ಏನೊಂದನ್ನೂ ಅರಿಯದೆ ಮೆಲುಕು ಹಾಕುತ್ತ ನಿಂತಿರುತ್ತದೆ. ಇಂದಿನ ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರನ್ನು ಕೊಟ್ಟು ಕೊಳ್ಳುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದಾಗಲೆಲ್ಲ ನನಗೆ ಆ ಟವೆಲಿನ ನೆನಪಾಗುತ್ತದೆ. ಅಲ್ಲಿಯೂ ಮೊತ್ತವನ್ನು ಬಾಯಿ ಬಿಟ್ಟು ಹೇಳುವವರು ಕಡಮೆ. ಆದರೆ ಒಂದು ಭೇದವಿದೆ. ಜಾತ್ರೆಯಲ್ಲಿ ಕೈ ಬದಲಾಗುವುದು ಹೋರಿ. ಇಲ್ಲಿ ಕೈ ಬದಲಾಗುವವನು ಹದಿನೆಂಟು ಇಪ್ಪತ್ತು ವರ್ಷದ, ನಮ್ಮ ನಿಮ್ಮಂತಹ ಒಬ್ಬ ಹುಡುಗ.

ಮುಂದೆ ಬರುವ ಲಕ್ಷಣವಿರುವ ಎಳೆಯ ಆಟಗಾರನನ್ನು ಅವನನ್ನು ಬೆಳೆಸಿದ ಕ್ಲಬ್ಬು ಮಾರಬಹುದೆ, ಮಾರಬಾರದೆ? ಈ ಪ್ರಶ್ನೆಯನ್ನು ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಎತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಕೊಪ್ಪದ ಸುತ್ತಮುತ್ತ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟುಗಳಿಗೆ ಇರುವ ಮನ್ನಣೆ ಫುಟ್‌ಬಾಲಿಗೆ ಇಲ್ಲವೆಂಬುದು ನಿಜ. ಆದರೆ ಪ್ರಶ್ನೆ ಒಂದು ಆಟಕ್ಕೆ ಸೇರಿದ್ದಲ್ಲ. ಬೆಳೆಸಿದವರ ಹಕ್ಕು ಎಷ್ಟು, ಬೆಳೆದವನ ಹಕ್ಕು ಎಷ್ಟು ಎಂಬುದು ಇಲ್ಲಿ ವಿಚಾರ. ಊರು ಬಿಟ್ಟು ಹೋಗಬೇಕೆ, ಇಲ್ಲಿಯೇ ಉಳಿಯಬೇಕೆ ಎಂದು ಪದವಿಯ ಕೊನೆಯ ವರ್ಷದಲ್ಲಿ ಯೋಚಿಸುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದು ತನ್ನದೇ ಪ್ರಶ್ನೆ.

ಮೊದಲು 'ಮಾರಾಟ' ಎಂಬ ಮಾತನ್ನೇ ನೋಡೋಣ. ಕ್ಲಬ್ಬು ಮಾರುವುದು ಆಟಗಾರನ ದೇಹವನ್ನಲ್ಲ. ಅವನೊಂದಿಗೆ ಮಾಡಿಕೊಂಡ ಕರಾರಿನ ಉಳಿದ ಅವಧಿಯನ್ನು. ಮೂರು ವರ್ಷಕ್ಕೆ ಒಪ್ಪಿ ಸಹಿ ಹಾಕಿದ ಆಟಗಾರನನ್ನು ಒಂದನೆಯ ವರ್ಷದ ಕೊನೆಯಲ್ಲಿ ಮತ್ತೊಂದು ಕ್ಲಬ್ಬು ಬಯಸಿದರೆ, ಉಳಿದ ಎರಡು ವರ್ಷಗಳನ್ನು ಬಿಟ್ಟುಕೊಡುವುದಕ್ಕಾಗಿ ಮೊದಲನೆಯ ಕ್ಲಬ್ಬು ಪಡೆಯುವ ಪರಿಹಾರಕ್ಕೆ ವರ್ಗಾವಣೆಯ ಶುಲ್ಕವೆಂದು ಹೆಸರು. ಇದೇನೂ ಹೊಸ ಪದ್ಧತಿಯಲ್ಲ. ೧೯೦೫ರಲ್ಲಿಯೇ ಇಂಗ್ಲೆಂಡಿನ ಮಿಡಲ್ಸ್‌ಬರೋ ಕ್ಲಬ್ಬು ಸಂಡರ್‌ಲ್ಯಾಂಡಿನಿಂದ ಆಲ್ಫ್ ಕಾಮನ್ ಎಂಬ ಆಟಗಾರನನ್ನು ಸಾವಿರ ಪೌಂಡು ಕೊಟ್ಟು ಪಡೆದಾಗ, ಮನುಷ್ಯನಿಗೆ ಇಷ್ಟು ಬೆಲೆಯೆ ಎಂದು ಜನ ಹುಬ್ಬೇರಿಸಿದ್ದರು. ೨೦೧೭ರಲ್ಲಿ ಬ್ರೆಜಿಲಿನ ನೇಮಾರ್ ಬಾರ್ಸಿಲೋನಾದಿಂದ ಪ್ಯಾರಿಸಿಗೆ ಹೋದಾಗ ಆ ಮೊತ್ತ ೨೨ ಕೋಟಿ ೨೦ ಲಕ್ಷ ಯೂರೋಗಳನ್ನು ಮುಟ್ಟಿತ್ತು.

ಹಿಂದೆ ಇಂಗ್ಲೆಂಡಿನಲ್ಲಿ ಕರಾರು ಮುಗಿದ ಮೇಲೂ ಕ್ಲಬ್ಬು ಆಟಗಾರನನ್ನು ಹಿಡಿದಿಟ್ಟುಕೊಳ್ಳಬಹುದಾಗಿತ್ತು. ಸಂಬಳವನ್ನೂ ಕೊಡದೆ, ಬೇರೆಡೆಗೂ ಬಿಡದೆ ಕೂರಿಸಬಹುದಾಗಿತ್ತು. ಜಾರ್ಜ್ ಈಸ್ಟ್‌ಹ್ಯಾಂ ಎಂಬ ಆಟಗಾರನ ಮೊಕದ್ದಮೆಯಲ್ಲಿ ೧೯೬೩ರಲ್ಲಿ ಅಲ್ಲಿಯ ನ್ಯಾಯಾಲಯವು ಇದು ಮನುಷ್ಯನ ಜೀವನೋಪಾಯಕ್ಕೆ ಹಾಕಿದ ನ್ಯಾಯವಲ್ಲದ ಕಟ್ಟು ಎಂದು ತೀರ್ಪಿತ್ತಿತು. ೧೯೯೫ರಲ್ಲಿ ಬೆಲ್ಜಿಯಮ್ಮಿನ ಬೋಸ್ಮನ್ ಎಂಬಾತನ ಮೊಕದ್ದಮೆಯಲ್ಲಿ ಯೂರೋಪಿನ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಕರಾರು ಮುಗಿದ ಆಟಗಾರ ಯೂರೋಪಿನ ಒಕ್ಕೂಟದೊಳಗೆ ಎಲ್ಲಿಗಾದರೂ ಹೋಗಬಹುದು, ಹಳೆಯ ಕ್ಲಬ್ಬಿಗೆ ಕಾಸು ಕೊಡಬೇಕಾಗಿಲ್ಲ ಎಂದಿತು. ಆದ್ದರಿಂದ ಆಟಗಾರನು ಹೋರಿಯಲ್ಲ ಎಂಬ ಮಾತು ಭಾವುಕರ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. ಇಷ್ಟನ್ನು ತಿಳಿದುಕೊಂಡು ಮುಂದೆ ಹೋಗೋಣ.

ಮಾರಬಾರದೆಂಬುವರ ವಾದವನ್ನು ಮೊದಲು ಕೇಳಬೇಕು. ಅದು ಬಲವಾದ ವಾದ; ಅದರಲ್ಲಿಯೂ ಕನ್ನಡ ನಾಡಿನವರಿಗೆ ಅದು ಹೊಟ್ಟೆಯುರಿಯ ವಾದ. ಏಕೆಂದರೆ ನಮ್ಮ ನಾಡು ಆಟಗಾರರನ್ನು ಬೆಳೆಸಿ ಹೊರಗೆ ಕಳುಹಿಸಿದ ನಾಡು. ಬೊಂಬಾಯಿಯ ರೋವರ್ಸ್ ಕಪ್ಪು ಬಹುಕಾಲ ಬ್ರಿಟಿಷರ ಸೈನಿಕ ತಂಡಗಳ ಸ್ವತ್ತಾಗಿತ್ತು. ಅದನ್ನು ೧೯೩೭ರಲ್ಲಿ ಗೆದ್ದು, ಮರುವರ್ಷವೂ ಬಿಡದೆ ಉಳಿಸಿಕೊಂಡದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ೧೯೪೮ರಲ್ಲಿ ಅದೇ ತಂಡ ಮತ್ತೊಮ್ಮೆ ಆ ಕಪ್ಪನ್ನು ಗೆದ್ದಿತು. ಅದೇ ವರ್ಷ ಲಂಡನ್ನಿನ ಒಲಿಂಪಿಕ್ ಕೂಟದಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನೆದುರು ಆಡಿ ಒಂದಕ್ಕೆರಡು ಗೋಲುಗಳಿಂದ ಸೋತಿತಷ್ಟೆ. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಮತ್ತೊಬ್ಬ ಹುಡುಗ ಅಹಮದ್ ಖಾನ್. ಬರಿಗಾಲಿನಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಒಯ್ಯುತ್ತಿದ್ದ ಈತನನ್ನು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬು ೧೯೪೯ರಲ್ಲಿ ಕರೆಸಿಕೊಂಡಿತು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಎಂಬ ಐವರು ಮುಂಚೂಣಿಯ ಆಟಗಾರರನ್ನು ಕಲ್ಕತ್ತದ ಜನ 'ಪಂಚಪಾಂಡವರು' ಎಂದು ಕೊಂಡಾಡಿದರು. ೧೯೪೯, ೧೯೫೦, ೧೯೫೧, ಹೀಗೆ ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡು ಆ ಕ್ಲಬ್ಬಿನದಾಯಿತು.

ಪಾಂಡವರು ಅಲ್ಲಿ ಆಳಿದರು. ಹಸ್ತಿನಾವತಿ ಬರಿದಾಯಿತು ಎಂದು ನಾವು ಹೇಳಬಹುದೆ? ಪೂರ್ಣವಾಗಿ ಹೇಳಲಾಗದು. ೧೯೪೬-೪೭ರಲ್ಲಿ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಗೆದ್ದಿದ್ದ ಮೈಸೂರು ತಂಡ, ಈ ಆಟಗಾರರು ಕಲ್ಕತ್ತದಲ್ಲಿ ಮೆರೆಯುತ್ತಿದ್ದ ಕಾಲದಲ್ಲಿಯೇ, ೧೯೫೨-೫೩ರಲ್ಲಿ, ಮತ್ತೊಮ್ಮೆ ಗೆದ್ದಿತು. ೧೯೬೭-೬೮, ೧೯೬೮-೬೯ರಲ್ಲಿ ಎರಡು ವರ್ಷ ಸತತವಾಗಿ ಗೆದ್ದಿತು. ಅನಂತರ ಬಂದದ್ದು ದೀರ್ಘವಾದ ಬರಗಾಲ. ಮುಂದಿನ ಗೆಲುವಿಗೆ ನಾಡು ೫೪ ವರ್ಷ ಕಾಯಬೇಕಾಯಿತು. ೨೦೨೩ರ ಮಾರ್ಚಿನಲ್ಲಿ, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ, ಕರ್ನಾಟಕವು ಮೇಘಾಲಯವನ್ನು ೩-೨ರಿಂದ ಸೋಲಿಸಿ ಆ ಟ್ರೋಫಿಯನ್ನು ಮರಳಿ ತಂದಿತು. ಕಲ್ಕತ್ತದವರು ಕರೆದೊಯ್ದದ್ದರಿಂದಲೇ ಈ ಬರ ಬಂದಿತೆಂದು ಹೇಳಲು ನಾನು ಸಿದ್ಧನಿಲ್ಲ. ಆದರೆ ಒಂದು ಮಾತನ್ನು ಹೇಳಬಹುದು. ಅಂದು ಹೆಸರಿಗೆ ಹವ್ಯಾಸದ ಆಟ ನಡೆಯುತ್ತಿತ್ತು. ಹುಡುಗನನ್ನು ತಿದ್ದಿದ ಕ್ಲಬ್ಬಿಗೆ ತರಬೇತಿಯ ಪರಿಹಾರ ಕೊಡಬೇಕೆಂಬ ಇಂದಿನಂತಹ ನಿಯಮ ಇರಲಿಲ್ಲ. ಆಲಸೂರಿನ, ದಂಡಿನ ಬೀದಿಗಳ ಮೈದಾನಗಳು ಆಟಗಾರರನ್ನು ಕೊಟ್ಟವು; ಅದಕ್ಕೆ ಬದಲಾಗಿ ಅವುಗಳಿಗೆ ಒಂದು ಗೋಲಿನ ಕಂಬವೂ ಬರಲಿಲ್ಲ. ಮಾರಾಟಕ್ಕಿಂತಲೂ ಕೆಟ್ಟದ್ದು ಬಿಟ್ಟಿಯಾಗಿ ಕಳೆದುಕೊಳ್ಳುವುದು. ಮಾರಬಾರದೆಂದು ಕೂಗುವವರು ಇದನ್ನು ನೆನಪಿನಲ್ಲಿಡಬೇಕು.

ಮಾರಬಾರದೆನ್ನುವವರ ಎರಡನೆಯ ವಾದ ಹುಡುಗನ ಹಿತದ್ದು. ದೊಡ್ಡ ಕ್ಲಬ್ಬಿಗೆ ಹೋದವನು ಅಲ್ಲಿ ಬೆಂಚಿನ ಮೇಲೆ ಕೂತು ತುಕ್ಕು ಹಿಡಿಯುತ್ತಾನೆ. ಇಲ್ಲಿದ್ದರೆ ವಾರವಾರವೂ ಆಡಿ ಬೆಳೆಯುತ್ತಾನೆ ಎಂಬುದು. ಇದಕ್ಕೆ ನಿದರ್ಶನ ಬೇಕಾದರೆ ಸುನೀಲ್ ಛೇತ್ರಿಯವರನ್ನೇ ನೋಡಬಹುದು. ಭಾರತಕ್ಕಾಗಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಈ ಆಟಗಾರ ೨೦೧೦ರಲ್ಲಿ ಅಮೆರಿಕದ ಕ್ಯಾನ್ಸಾಸ್ ಸಿಟಿಗೂ, ೨೦೧೨ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡಕ್ಕೂ ಹೋದರು. ಎರಡು ಕಡೆಯಲ್ಲಿಯೂ ಆಡುವ ಅವಕಾಶ ಸಿಕ್ಕಿದ್ದು ಅತ್ಯಲ್ಪ. ೨೦೧೩ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್.ಸಿ.ಗೆ ಬಂದ ಮೇಲೆ, ಮೊದಲನೆಯ ವರ್ಷದಲ್ಲಿಯೇ ಆ ತಂಡ ಐ-ಲೀಗ್ ಗೆದ್ದಿತು, ೨೦೧೬ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಹೆಸರು ದೊಡ್ಡದಾದ ಮಾತ್ರಕ್ಕೆ ಮನೆ ದೊಡ್ಡದಾಗುವುದಿಲ್ಲ, ಆಡಲು ಅಂಗಳವಿರಬೇಕು.

ಇನ್ನು ಮಾರಬಹುದೆಂಬುವರ ವಾದ. ಆಟಗಾರನ ಬಾಳು ನಮ್ಮ ನಿಮ್ಮ ನೌಕರಿಯಂತೆ ಅರವತ್ತರವರೆಗೆ ನಡೆಯುವುದಲ್ಲ. ಹೆಚ್ಚೆಂದರೆ ಹನ್ನೆರಡು ಹದಿನೈದು ವರ್ಷ. ಅದರೊಳಗೆ ಗಳಿಸಿದ್ದರಲ್ಲಿ ಮುಂದಿನ ನಲವತ್ತು ವರ್ಷ ಬಾಳಬೇಕು. ಒಂದು ಪೆಟ್ಟು ಬಿದ್ದರೆ ಆ ಹನ್ನೆರಡೂ ಇಲ್ಲ. ತಮಿಳುನಾಡಿನಿಂದ ಬಂದು ಬೆಂಗಳೂರು ಎಫ್.ಸಿ.ಯಲ್ಲಿ ಬೆಳೆದ ಶಿವಶಕ್ತಿ ನಾರಾಯಣನ್ ೨೦೨೨ರ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಮೊದಲ ಗೋಲನ್ನು ಹೊಡೆದು ತಂಡವನ್ನು ಗೆಲ್ಲಿಸಿದರು. ಆ ಸಾಲಿನ ಇಂಡಿಯನ್ ಸೂಪರ್ ಲೀಗಿನ ಉದಯೋನ್ಮುಖ ಆಟಗಾರನೆಂಬ ಪ್ರಶಸ್ತಿಯನ್ನೂ ಪಡೆದರು. ಅದೇ ಸಾಲಿನ ಲೀಗಿನ ಅಂತಿಮ ಪಂದ್ಯದಲ್ಲಿ, ೨೦೨೩ರ ಮಾರ್ಚಿನಲ್ಲಿ, ಆಟ ಆರಂಭವಾದ ಕೆಲವೇ ನಿಮಿಷಗಳಲ್ಲಿ ಪೆಟ್ಟು ತಿಂದು ಹೊರಗೆ ಬರಬೇಕಾಯಿತು. ಬೆಳೆದ ಪೈರಿಗೂ ಕಣಕ್ಕೂ ನಡುವೆ ಆಲಿಕಲ್ಲಿನ ಮಳೆ ಯಾವಾಗ ಬೀಳುವುದೆಂದು ಯಾರು ಬಲ್ಲರು? ಒಳ್ಳೆಯ ಬೆಲೆ ಬಂದ ದಿನ ಹುಡುಗನಿಗೆ 'ಇನ್ನೆರಡು ವರ್ಷ ತಾಳು' ಎನ್ನುವವನು ಆ ಎರಡು ವರ್ಷಗಳ ಜವಾಬ್ದಾರಿಯನ್ನೂ ಹೊರಬೇಕಾಗುತ್ತದೆ.

ಕ್ಲಬ್ಬಿನ ಕಷ್ಟವನ್ನೂ ಕೇಳಬೇಕು. ಟಿಕೇಟಿನ ಹಣದಿಂದ ನಮ್ಮ ದೇಶದ ಯಾವ ಕ್ಲಬ್ಬೂ ಹೊಟ್ಟೆ ಹೊರೆಯಲಾರದು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ಬೆಂಗಳೂರು ಎಫ್.ಸಿ. ನಡೆಸುವ ವಸತಿ ಶಾಲೆಯಂತಹ ತರಬೇತಿಯ ಕೇಂದ್ರಗಳಿಗೆ ಊಟ, ವಸತಿ, ವಿದ್ಯೆ, ವೈದ್ಯ, ಎಲ್ಲಕ್ಕೂ ಹಣ ಬೇಕು. ೨೦೨೫ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ನಡೆಸುವ ಒಪ್ಪಂದದ ಗೊಂದಲದಿಂದ ಆಟದ ಋತು ಸಮಯಕ್ಕೆ ಸರಿಯಾಗಿ ಆರಂಭವಾಗಲಿಲ್ಲ. ಆ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರು ಎಫ್.ಸಿ.ಯೇ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಬೇಕಾಯಿತು. ನಾಡಿನ ಅತ್ಯಂತ ಸಿರಿವಂತ ಕ್ಲಬ್ಬಿನ ಪಾಡೇ ಹೀಗಾದರೆ ಉಳಿದವರ ಗತಿಯೇನು? ಇಂತಹ ಸ್ಥಿತಿಯಲ್ಲಿ ಒಬ್ಬ ಆಟಗಾರನನ್ನು ಒಳ್ಳೆಯ ಬೆಲೆಗೆ ಬಿಟ್ಟುಕೊಟ್ಟು ಐವತ್ತು ಮಕ್ಕಳ ತರಬೇತಿಯನ್ನು ಉಳಿಸಿಕೊಂಡರೆ ಅದನ್ನು ದ್ರೋಹವೆನ್ನಲು ನನ್ನ ನಾಲಗೆ ಏಳದು.

ಮತ್ತೊಂದು ವ್ಯಾವಹಾರಿಕ ಸಂಗತಿಯುಂಟು. ಅಂತರರಾಷ್ಟ್ರೀಯ ನಿಯಮದಂತೆ ಕರಾರು ಮುಗಿಯಲು ಆರು ತಿಂಗಳಿರುವಾಗಲೇ ಆಟಗಾರ ಮತ್ತೊಂದು ಕ್ಲಬ್ಬಿನೊಂದಿಗೆ ಮುಂದಿನ ಕರಾರು ಮಾಡಿಕೊಳ್ಳಬಹುದು. ಆಗ ಹಳೆಯ ಕ್ಲಬ್ಬಿಗೆ ಶುಲ್ಕವೆಂಬುದಿಲ್ಲ. ಆದ್ದರಿಂದ ಹುಡುಗನಿಗೆ ಉಳಿಯುವ ಮನಸ್ಸಿಲ್ಲದಿದ್ದರೆ, ಮಾರದೆ ಹಿಡಿದಿಡುವ ಕ್ಲಬ್ಬು ಕೊನೆಗೆ ಹುಡುಗನನ್ನೂ ಕಳೆದುಕೊಳ್ಳುತ್ತದೆ, ಹಣವನ್ನೂ ಕಳೆದುಕೊಳ್ಳುತ್ತದೆ. ಕೇರಳ ಬ್ಲಾಸ್ಟರ್ಸ್ ಕ್ಲಬ್ಬು ಜೀಕ್ಸನ್ ಸಿಂಗ್ ಎಂಬ ಮಣಿಪುರದ ಆಟಗಾರನನ್ನು ೨೦೨೪ರಲ್ಲಿ ಈಸ್ಟ್ ಬೆಂಗಾಲಿಗೆ ಬಿಟ್ಟುಕೊಟ್ಟಿತು. ೨೦೧೭ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ, ದೆಹಲಿಯಲ್ಲಿ, ಕೊಲಂಬಿಯಾದ ಎದುರು ಗೋಲು ಹೊಡೆದು ವಿಶ್ವಕಪ್ಪಿನ ಕೂಟದಲ್ಲಿ ಭಾರತದ ಮೊದಲ ಗೋಲೆಂಬ ಕೀರ್ತಿ ಪಡೆದವನು ಈತನೇ. ಮೂರು ಕೋಟಿ ರೂಪಾಯಿಗೂ ಮೀರಿದ ಮೊತ್ತವೆಂದು ಪತ್ರಿಕೆಗಳು ವರದಿ ಮಾಡಿದವು. ಅಭಿಮಾನಿಗಳು ಮರುಗಿದರು, ಆದರೆ ೧೯೪೯ಕ್ಕೂ ೨೦೨೪ಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿರಿ. ಎರಡು ಬಾರಿಯೂ ಆಟಗಾರ ಹೋದದ್ದು ಅದೇ ಕ್ಲಬ್ಬಿಗೆ. ಮೊದಲ ಬಾರಿ ಕಳುಹಿಸಿದವರ ಕೈ ಬರಿದಾಗಿತ್ತು. ಎರಡನೆಯ ಬಾರಿ ಬರಿದಾಗಲಿಲ್ಲ.

ಹಾಗಾದರೆ ಮಾರಿಬಿಡೋಣವೆ? ತಾಳಿರಿ. ನಮ್ಮ ಮಂಡ್ಯದ ಸೀಮೆಯಲ್ಲಿ ಹುಟ್ಟಿದವನಿಗೆ ಈ ಪ್ರಶ್ನೆಗೆ ಉತ್ತರವನ್ನು ಕಬ್ಬಿನ ಗದ್ದೆಯೇ ಹೇಳಿಕೊಡುತ್ತದೆ. ಹಣದ ಅಡಚಣೆಯೆಂದು ಎಂಟು ತಿಂಗಳಿಗೇ ಕಬ್ಬನ್ನು ಕಡಿದರೆ ತೂಕವೂ ಇಲ್ಲ, ಸಕ್ಕರೆಯೂ ಇಲ್ಲ. ವರ್ಷವಿಡೀ ಬಲಿತ ಕಬ್ಬನ್ನು ಕಡಿಯದೆ ನಿಲ್ಲಿಸಿದರೆ ಸೂಲಂಗಿ ಬಂದು ಒಣಗಿ ಬೆಂಡಾಗುತ್ತದೆ. ಹದವರಿತು, ಬುಡವನ್ನು ಕೆಡಿಸದೆ ಕಡಿದವನಿಗೆ ಅದೇ ಬುಡದಿಂದ ಕೂಳೆ ಬೆಳೆ ಏಳುತ್ತದೆ. ಬಂದ ಹಣದಲ್ಲಿ ಗೊಬ್ಬರ ಕೊಂಡು ಬುಡಕ್ಕೆ ಹಾಕಿದರೆ ಕೂಳೆಯೂ ಚೆನ್ನಾಗಿ ಬರುತ್ತದೆ. ಹಣವನ್ನೆಲ್ಲ ಮದುವೆ ಮುಂಜಿಗೆ ಸುರಿದವನ ಗದ್ದೆಯಲ್ಲಿ ಮರುವರ್ಷ ಹುಲ್ಲು. ಇಷ್ಟೇ ನನ್ನ ವಾದದ ಸಾರ. ಮಾರುವುದು ಪಾಪವಲ್ಲ, ಎಳೆಯದನ್ನು ಮಾರುವುದು, ಬುಡವನ್ನು ಮರೆಯುವುದು ಪಾಪ.

ಇದನ್ನು ಇನ್ನೂ ಬಿಡಿಸಿ ಹೇಳುವುದಾದರೆ, ಮಾರಾಟಕ್ಕೆ ಮೊದಲು ಕ್ಲಬ್ಬು ತನಗೆ ತಾನೇ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಮೊದಲನೆಯದು, ಹುಡುಗನ ಒಪ್ಪಿಗೆ. ಬಾಯಿ ಮಾತಿನ ಒಪ್ಪಿಗೆಯಲ್ಲ. ಎಷ್ಟು ವರ್ಷ, ಎಷ್ಟು ಸಂಬಳ, ಪೆಟ್ಟಾದರೆ ಖರ್ಚು ಯಾರದು ಎಂಬುದನ್ನು ತಂದೆತಾಯಿಯರೆದುರು, ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ ಪಡೆದ ಒಪ್ಪಿಗೆ. ಟವೆಲಿನ ವ್ಯಾಪಾರ ಇಲ್ಲಿ ಸಲ್ಲದು.

ಎರಡನೆಯದು, ಅಲ್ಲಿ ಆಡುವ ಅವಕಾಶ. ಗುರುಪ್ರೀತ್ ಸಿಂಗ್ ಸಂಧು ಎಂಬ ಗೋಲ್‌ಕೀಪರ್ ಇಪ್ಪತ್ತೆರಡರ ವಯಸ್ಸಿನಲ್ಲಿ, ೨೦೧೪ರಲ್ಲಿ, ಈಸ್ಟ್ ಬೆಂಗಾಲ್ ಬಿಟ್ಟು ನಾರ್ವೆಯ ಸ್ಟಾಬೆಕ್ ಕ್ಲಬ್ಬಿಗೆ ಹೋದರು. ಅಲ್ಲಿ ತಾಳ್ಮೆಯಿಂದ ಕಾದು, ಆಡಿ, ೨೦೧೬ರಲ್ಲಿ ಯೂರೋಪಾ ಲೀಗಿನ ಅರ್ಹತಾ ಪಂದ್ಯದಲ್ಲಿ ಗೋಲು ಕಾದರು. ೨೦೧೭ರಲ್ಲಿ ಬೆಂಗಳೂರಿಗೆ ಬಂದಾಗ ಅವರು ತಂದದ್ದು ಯೂರೋಪಿನ ಮೂರು ವರ್ಷಗಳ ಕಲಿಕೆಯನ್ನು. ಒಬ್ಬನನ್ನು ಒಂದು ಕ್ಲಬ್ಬು ಬಿಟ್ಟುಕೊಟ್ಟದ್ದರಿಂದ ದೇಶದ ತಂಡಕ್ಕೇ ಲಾಭವಾಯಿತು. ಛೇತ್ರಿಯವರ ಕಥೆಯನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಹೋಗುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಹೋಗುವ ಜಾಗದ ಹೆಸರಿನಲ್ಲಿಲ್ಲ, ಅಲ್ಲಿ ಸಿಗುವ ಆಟದ ನಿಮಿಷಗಳಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಮೂರನೆಯದು, ವಯಸ್ಸು ಮತ್ತು ವಿದ್ಯೆ. ಹದಿನೆಂಟು ತುಂಬದವರನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವುದನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯಾದ ಫೀಫಾ ನಿಷೇಧಿಸಿದೆ. ದೇಶದ ಒಳಗೆ ನಾವು ಇದರ ಭಾವವನ್ನಾದರೂ ಪಾಲಿಸಬೇಕು. ಓದು ನಿಲ್ಲಿಸಿ ಹೋದ ಹುಡುಗ ಮೊಣಕಾಲು ಮುರಿದುಕೊಂಡು ಮರಳಿದರೆ ಅವನ ಕೈಯಲ್ಲಿ ಏನಿರುತ್ತದೆ? ೨೦೨೫ರಲ್ಲಿ ಸಂಬಳ ನಿಂತಾಗ ಪದವಿಯ ಕಾಗದವೊಂದು ಮನೆಯಲ್ಲಿರುವ ಆಟಗಾರನಿಗೂ ಇಲ್ಲದವನಿಗೂ ನಿದ್ದೆ ಒಂದೇ ರೀತಿ ಬಂದಿರಲಾರದು.

ನಾಲ್ಕನೆಯದು, ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು. ಫೀಫಾ ೨೦೦೧ರಲ್ಲಿ ತಂದ ನಿಯಮಗಳಲ್ಲಿ ಒಂದು ನ್ಯಾಯವಾದ ಏರ್ಪಾಡಿದೆ. ಒಂದು ದೇಶದ ಕ್ಲಬ್ಬಿನಿಂದ ಮತ್ತೊಂದು ದೇಶದ ಕ್ಲಬ್ಬಿಗೆ ಆಟಗಾರ ಶುಲ್ಕದ ಮೇಲೆ ಹೋದಾಗ, ಆ ಮೊತ್ತದಲ್ಲಿ ನೂರಕ್ಕೆ ಐದು ಭಾಗವನ್ನು ಅವನ ಹನ್ನೆರಡರಿಂದ ಇಪ್ಪತ್ತಮೂರರ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆಲ್ಲ ಹಂಚಬೇಕು. ಹನ್ನೆರಡರಿಂದ ಹದಿನೈದರವರೆಗಿನ ನಾಲ್ಕು ವರ್ಷಗಳಿಗೆ ವರ್ಷವೊಂದಕ್ಕೆ ನೂರಕ್ಕೆ ಕಾಲು ಭಾಗ; ಆಮೇಲಿನ ಎಂಟು ವರ್ಷಗಳಿಗೆ ಅರ್ಧ ಭಾಗ. ಮೂರು ಕೋಟಿಯ ವರ್ಗಾವಣೆಯೆಂದು ಲೆಕ್ಕ ಹಾಕಿದರೆ, ಮೊದಲ ನಾಲ್ಕು ವರ್ಷ ಚೆಂಡು ಹಿಡಿದು ಕಲಿಸಿದ ಸಣ್ಣ ಕ್ಲಬ್ಬಿಗೆ ಮೂರು ಲಕ್ಷ ರೂಪಾಯಿ. ದೊಡ್ಡವರಿಗೆ ಇದು ಚಿಲ್ಲರೆ. ಒಂದು ಹಳ್ಳಿಯ ಮೈದಾನಕ್ಕೆ ಇದು ಬೇಲಿ, ಬಲೆ, ಬೂಟು, ಚೆಂಡು ಎಲ್ಲವೂ. ದೇಶದೊಳಗಿನ ಕೊಡುಕೊಳೆಯಲ್ಲಿಯೂ ನಮ್ಮ ಕ್ಲಬ್ಬುಗಳು ಈ ಪಾಲನ್ನು ಸ್ವಇಚ್ಛೆಯಿಂದ ಕೊಡುವ ಸಂಪ್ರದಾಯ ಬೆಳೆಯಬೇಕು. ಹೆತ್ತವರಿಗೆ ಕೊಡದೆ ಸಾಕಿದವರೇ ತಿನ್ನುವುದು ಧರ್ಮವಲ್ಲ.

ಈ ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಮಾರಲಿ. ಒಂದಕ್ಕೆ ಸಿಗದಿದ್ದರೂ ಇಟ್ಟುಕೊಳ್ಳಲಿ. ಆದರೆ ಇಟ್ಟುಕೊಳ್ಳುವುದೆಂದರೇನು? ಇದನ್ನು ಮಾರಬಾರದೆನ್ನುವವರು ಬಹುಮಟ್ಟಿಗೆ ಯೋಚಿಸುವುದಿಲ್ಲ. ಬ್ರೆಜಿಲಿನ ಸಾಂತೋಸ್ ಕ್ಲಬ್ಬು ಪೆಲೆಯನ್ನು ಯೂರೋಪಿನ ಸಿರಿವಂತರಿಗೆ ಕೊಡದೆ ೧೯೭೪ರವರೆಗೆ ಉಳಿಸಿಕೊಂಡಿತು. ಅದಕ್ಕಾಗಿ ಅದು ದೇಶದೇಶಗಳನ್ನು ಸುತ್ತಿ ಪ್ರದರ್ಶನದ ಪಂದ್ಯಗಳನ್ನಾಡಿ ಹಣ ಕೂಡಿಸಬೇಕಾಯಿತು. ನಮ್ಮ ಬೆಂಗಳೂರಿನಲ್ಲಿಯೇ ಇನ್ನೂ ಹತ್ತಿರದ ನಿದರ್ಶನವಿದೆ. ಎಚ್.ಎ.ಎಲ್., ಐ.ಟಿ.ಐ.ಯಂತಹ ಸರ್ಕಾರಿ ಕಾರ್ಖಾನೆಗಳು ಆಟಗಾರರಿಗೆ ಕಾಯಂ ನೌಕರಿ ಕೊಟ್ಟು ತಂಡ ಕಟ್ಟಿದ್ದವು. ತಿಂಗಳ ಸಂಬಳವೂ ಮುಂದೆ ಪಿಂಚಣಿಯೂ ಇರುವವನು ಕಲ್ಕತ್ತದ ರೈಲಿಗೆ ಓಡುವ ಅಗತ್ಯವಿರಲಿಲ್ಲ. ೧೯೭೭ರಲ್ಲಿ ಮೊದಲ ಬಾರಿ ನಡೆದ ಫೆಡರೇಷನ್ ಕಪ್ಪಿನಲ್ಲಿ, ಅಂತಿಮ ಪಂದ್ಯದಲ್ಲಿ, ಟೆಲಿಫೋನು ತಯಾರಿಸುವ ಈ ಐ.ಟಿ.ಐ.ಯ ನೌಕರರ ತಂಡ ಮೋಹನ್ ಬಾಗಾನನ್ನು ಒಂದು ಗೋಲಿನಿಂದ ಸೋಲಿಸಿತು. ಕಾಲ ಬದಲಾಗಿ ಆ ಬಗೆಯ ನೌಕರಿಗಳು ಈಗ ಅಪರೂಪವಾಗಿವೆ. ಆದರೂ ಪಾಠ ಅಲ್ಲಿಯೇ ಇದೆ. ಇಟ್ಟುಕೊಳ್ಳುವ ಹಕ್ಕು ಕೊಡಬಲ್ಲವನಿಗೆ ಮಾತ್ರ ಇದೆ. ಕೊಡಲಾರದವನ ಪ್ರೀತಿ ಎಷ್ಟೇ ದೊಡ್ಡದಿರಲಿ, ಅದು ಹಗ್ಗವಾಗಬಾರದು.

ಈ ಮಾತನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನನ್ನ ಗೆಳೆಯನೊಬ್ಬ ನಮ್ಮ ಕಡೆಯ ಒಂದು ಹಳ್ಳಿಯ ತಂಡಕ್ಕೆ ಕಬಡ್ಡಿ ಆಡುತ್ತಿದ್ದ. ರೈಡಿಗೆ ಹೋದನೆಂದರೆ ಸುತ್ತ ಹತ್ತೂರಿನ ಜನ ಉಸಿರು ಬಿಗಿ ಹಿಡಿಯುತ್ತಿದ್ದರು. ಎರಡು ವರ್ಷದ ಕೆಳಗೆ ಬೆಂಗಳೂರಿನ ತಂಡವೊಂದರಿಂದ ಕರೆ ಬಂದಿತು. ವಸತಿ, ಊಟ, ಓದಿಗೆ ಶುಲ್ಕ, ಕೈಗೆ ಸ್ವಲ್ಪ ಹಣ. ಹಳೆಯ ತಂಡದಿಂದ ಬಿಡುಗಡೆಯ ಪತ್ರವೊಂದು ಬೇಕಿತ್ತು, ಅಷ್ಟೆ. ತಂಡವನ್ನು ನಡೆಸುತ್ತಿದ್ದ ಅಣ್ಣಂದಿರು, "ನೀನ್ ಹೊಂಟೋದ್ರೆ ಈ ಸಲ ರೈಡಿಗೆ ಯಾರ್ಲಾ ಹೋಗೋರು? ಹಬ್ಬದ ಟೂರ್ನಮೆಂಟು ಒಂದ್ ಮುಗೀಲಿ" ಎಂದರು. ಇವನು "ಆಯ್ತು ಬುಡಣ್ಣ" ಎಂದ. ಹಬ್ಬದ ಟೂರ್ನಮೆಂಟು ಮುಗಿಯಿತು, ಮತ್ತೊಂದು ಬಂದಿತು. ಅದರಲ್ಲಿ ಮೊಣಕಾಲು ತಿರುಚಿತು. ಬೆಂಗಳೂರಿನವರು ಮತ್ತೆ ಕರೆಯಲಿಲ್ಲ.

ಆ ಅಣ್ಣಂದಿರು ಕೆಟ್ಟವರೆಂದು ನಾನು ಹೇಳಲಾರೆ. ಅವನ ಚಿಕಿತ್ಸೆಗೆ ಮನೆಮನೆಗೂ ಹೋಗಿ ಹಣ ಕೂಡಿಸಿದವರು ಅವರೇ. ಅವನ ಮೇಲಿನ ಅಭಿಮಾನದಿಂದಲೇ ಹಿಡಿದಿಟ್ಟರು. ಆದರೆ ಅವರು ಅವನಿಗೆ ಕೊಟ್ಟಿದ್ದು ಎರಡು ಬನಿಯನ್ನು, ಗೆದ್ದ ರಾತ್ರಿ ಒಂದು ಬಾಡೂಟ. ಪಡೆದದ್ದು ಅವನ ಅತ್ಯುತ್ತಮವಾದ ಎರಡು ವರ್ಷ. ಅವನು ಯಾರನ್ನೂ ದೂರುವುದಿಲ್ಲ. "ನಾನೇ ಕೇಳಿ ತಕೊಂಡು ಹೋಗಬೇಕಿತ್ತು ಕಣೋ" ಎಂದು ನಗುತ್ತಾನೆ. ಆ ನಗೆಯನ್ನು ನೋಡಿದ ದಿನದಿಂದ, 'ನಮ್ಮ ಹುಡುಗ, ನಾವು ಕೊಡುವುದಿಲ್ಲ' ಎಂದು ಅಭಿಮಾನಿಗಳು ಘೋಷಿಸಿದಾಗ ನನಗೆ ಚಪ್ಪಾಳೆ ತಟ್ಟಲು ಕೈ ಬರುವುದಿಲ್ಲ.

ಇದಕ್ಕೆ ಎದುರಾಗಿ ಒಂದು ಆಕ್ಷೇಪ ಬರಬಹುದು. ಎಲ್ಲರೂ ಹೀಗೆ ಕಳುಹಿಸುತ್ತ ಹೋದರೆ ಸಣ್ಣ ಕ್ಲಬ್ಬುಗಳು, ಸಣ್ಣ ಊರುಗಳು ಎಂದೆಂದಿಗೂ ದೊಡ್ಡವರ ಸಸಿಮಡಿಗಳಾಗಿಯೇ ಉಳಿಯಬೇಕೆ? ನ್ಯಾಯವಾದ ಆಕ್ಷೇಪವೇ. ಆದರೆ ಸಸಿಮಡಿಯಾಗಿರುವುದು ಅವಮಾನವಲ್ಲ, ಸಸಿಗೆ ಬೆಲೆ ಸಿಗದಿರುವುದು ಅವಮಾನ. ಬೆಲೆ ಸಿಕ್ಕಿ, ಅದು ಮಡಿಗೇ ಮರಳಿದರೆ, ಇಂದಿನ ಸಸಿಮಡಿ ನಾಳೆ ತೋಟವಾಗಬಹುದು. ಸಿಗದೆ ಹೋದರೆ ಬಾಗಿಲು ಮುಚ್ಚಿ ಕೂತರೂ ತೋಟವಾಗುವುದಿಲ್ಲ. ಮುಚ್ಚಿದ ಬಾಗಿಲಿನೊಳಗೆ ಆಟ ಬೆಳೆದ ಊರನ್ನು ನಾನಂತೂ ಕೇಳಿಲ್ಲ.

ಕೊನೆಗೆ ಅಧ್ಯಾಪಕರಲ್ಲಿಯೂ ಸಹಪಾಠಿಗಳಲ್ಲಿಯೂ ಒಂದು ಬಿನ್ನಹ. ನಮ್ಮ ಕಾಲೇಜಿನ ಮೈದಾನದಿಂದ ನಾಳೆ ಯಾವನಾದರೂ ಹುಡುಗನಿಗೋ ಹುಡುಗಿಗೋ ದೊಡ್ಡ ತಂಡದಿಂದ ಕರೆ ಬಂದರೆ, ಅಂತರ ಕಾಲೇಜು ಪಂದ್ಯ ಹತ್ತಿರ ಬಂದಿತೆಂಬ ಕಾರಣಕ್ಕೆ ತಡೆಯದಿರೋಣ. ಕರಾರಿನ ಕಾಗದವನ್ನು ಅವರ ಪಕ್ಕದಲ್ಲಿ ಕೂತು ಓದಿ ಹೇಳೋಣ. ಪರೀಕ್ಷೆಗೆ ಮರಳಿ ಬರಲು ದಾರಿ ಬಿಟ್ಟಿರೋಣ. ಹೋದವರು ಗೆದ್ದು ಬಂದ ದಿನ ಈ ಮೈದಾನಕ್ಕೆ ಒಂದು ಜೊತೆ ಬಲೆಯನ್ನು ಕೊಡಿಸಿರೆಂದು ಸಂಕೋಚವಿಲ್ಲದೆ ಕೇಳೋಣ. ಸೋತು ಬಂದರೆ ಏನನ್ನೂ ಕೇಳದೆ ಪಕ್ಕದಲ್ಲಿ ಜಾಗ ಮಾಡಿಕೊಡೋಣ. ಬೆಳೆಸಿದವರಿಗೆ ಇರುವ ಹಕ್ಕು ಇಷ್ಟೇ ಎಂದು ನನ್ನ ತಿಳಿವಳಿಕೆ.